ಸೊಸೆಗಿಡುವ ಹೆಸರು

ಸುಟ್ಟ ದೊಣ್ಣೆಮೆಣಸಿನಕಾಯಿಯ ಕಪ್ಪು ಸಿಪ್ಪೆ ವಸುಂಧರಮ್ಮನವರ ಉಗುರಿನ ಸಂದಿಯಲ್ಲೆಲ್ಲ ಸೇರಿಕೊಂಡಿತ್ತು. ಎಡಗೈಯಲ್ಲಿ ಕಾಯಿ ಹಿಡಿದು ಬಲಗೈ ಹೆಬ್ಬೆರಳಿನಿಂದ ಸಿಪ್ಪೆ ಜಾರಿಸುವುದು, ಬೀಜ ಕೊಡವುವುದು, ತಿರುಳನ್ನು ಬೋಗುಣಿಗೆ ಹಾಕುವುದು. ಅತ್ತ ಸೊಸೆ ವೆಸ್ನಾ ಒಲೆಯ ಉರಿಗೇ ಮತ್ತಷ್ಟು ಕಾಯಿಗಳನ್ನು ಹಿಡಿದು ಹೊರಳಿಸುತ್ತಿದ್ದಳು. ಅಡುಗೆಮನೆಯ ತುಂಬ ಹೊಗೆ. ಚಾವಣಿಯ ಸ್ಮೋಕ್ ಅಲಾರಂ ಮತ್ತೆ ಕಿರುಚಿಕೊಂಡಿತು.

“ಇಂಚರಾ! ಟವೆಲ್!” ಎಂದು ಕೂಗಿದಳು ವೆಸ್ನಾ.

ಮೊಮ್ಮಗಳು ಇಂಚರಾ ದಡದಡನೆ ಮೆಟ್ಟಿಲಿಳಿದು ಬಂದು ಅಲಾರಮ್ಮಿನ ಕೆಳಗೆ ನಿಂತು ಟವೆಲ್ ಬೀಸಿದಳು. “ಪಕ್ಕದ್ಮನೆಯವ್ರು ಫೈರ್ ಬ್ರಿಗೇಡ್ ಕರೀತಾರೆ, ಐ ಸ್ವೇರ್. ಅಜ್ಜಿ, ಇದು ಇಂಡಿಯನ್ ಫುಡ್ಡಾ, ಮ್ಯಾಸಿಡೋನಿಯನ್ ಫುಡ್ಡಾ?”

“ನಮ್ಮ ಧಾರವಾಡದ ಕಡೆ ಇದಕ್ಕೆ ರಂಜಕ ಅಂತಾರೆ. ಅದಕ್ಕೆ ಖಾರದ ಕಾಯಿ ಹಾಕ್ತೀವಿ. ಇವಳದ್ದು ಸಪ್ಪೆ ರಂಜಕ.”

“ಆಯ್ವಾರ್,” ಎಂದಳು ವೆಸ್ನಾ, ತಿರುಗದೆ. “ರಂಜಕ ನೋ. ಆಯ್ವಾರ್.”

“ಆಯ್ತಮ್ಮ, ಅದೇ.”

“ಅದೇ ಅಲ್ಲ ಅತ್ತೆ.”

ವಸುಂಧರಮ್ಮ ಇನ್ನೊಂದು ಕಾಯಿ ಕೈಗೆತ್ತಿಕೊಂಡರು. ಈ ಹುಡುಗಿಯ ಜೊತೆ ಹೆಸರಿನ ವಿಷಯಕ್ಕೆ ಹೋದರೆ ಅನ್ನ ಸೀಯುವ ತನಕ ಮಾತು ಮುಗಿಯುವುದಿಲ್ಲ ಎಂಬುದು ಅವರಿಗೆ ಅಷ್ಟರಲ್ಲಾಗಲೇ ಗೊತ್ತಾಗಿತ್ತು.

ಮಗ ಸಂಪತ್ತನ ಎರಡನೆಯ ಮದುವೆಗೆಂದು ಅವರು ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಯುರೋಪಿನ ಡ್ರೋಹೆಡಾ ಎಂಬ ಊರಿಗೆ ಬಂದಿದ್ದರು. ಮೊದಲನೆಯ ಹೆಂಡತಿ ವಿಚ್ಛೇದನವಾಗಿ ಅದೇ ದೇಶದ ಬ್ಯಾಲಿನ್‌ಕೊಲಿಗ್‌ನಲ್ಲಿದ್ದಳು. ಅವಳ ಮಗಳು ಇಂಚರಾ ಶಾಲೆಯ ದಿನಗಳಲ್ಲಿ ಅಪ್ಪನ ಬಳಿ, ರಜೆಯಲ್ಲಿ ಅಮ್ಮನ ಬಳಿ. ಮದುವೆಯೆಂದರೆ ಓಲಗವಿಲ್ಲ, ಧಾರೆಯಿಲ್ಲ. ಒಂದು ಸರ್ಕಾರಿ ಕೋಣೆಯಲ್ಲಿ ಎರಡು ಸಹಿ, ಹೊರಗೆ ಬಂದು ಒಂದು ಕಾಫಿ. ಶಾಸ್ತ್ರವನ್ನೆಲ್ಲ ಯುಗಾದಿ ಕಳೆದ ಮೇಲೆ ಮಾಡಿಕೊಂಡು ಊರಿಗೆ ಹೊರಟರಾಯಿತೆಂದು ವಸುಂಧರಮ್ಮ ಸಮಾಧಾನ ಮಾಡಿಕೊಂಡಿದ್ದರು. ಯುಗಾದಿ ಬರುವಷ್ಟರಲ್ಲಿ ಕೊರೊನಾ ಬಂದು ವಿಮಾನ ನಿಂತವು, ಅಂಗಡಿ ಮುಚ್ಚಿದವು, ಮನೆಯ ಬಾಗಿಲೂ ಮುಚ್ಚಿತು. ಮೂರು ತಿಂಗಳಿಗೆಂದು ಬಂದವರು ಅಕ್ಟೋಬರ್ ಕಳೆದರೂ ಸೊಸೆಯ ಊರಿನ ಮೆಣಸಿನಕಾಯಿ ಸುಲಿಯುತ್ತ ಕೂತಿದ್ದರು.

ಒಂದು ಕೆಲಸ ಮಾತ್ರ ಬಾಕಿ ಉಳಿದಿತ್ತು. ಧಾರವಾಡದಲ್ಲಿರುವ ಭಾವ ಸತ್ಯನಾರಾಯಣರಾಯರಿಗೆ ಕಾಗದ ಬರೆಯಬೇಕು. ಮನೆತನದ ಹಿರಿಯರು ಅವರು. ಕಿವಿ ಪೂರ್ತಿ ಹೋಗಿದೆ, ಫೋನು ಪ್ರಯೋಜನವಿಲ್ಲ. ಮದುವೆಯಂಥ ಸುದ್ದಿ ಮೊದಲು ಅವರಿಗೆ, ಅದೂ ಕಾಗದದಲ್ಲಿ, ಸೊಸೆಗೆ ಗಂಡನ ಮನೆಯಲ್ಲಿ ಇಟ್ಟ ಹೊಸ ಹೆಸರಿನ ಸಮೇತ ತಲುಪಬೇಕು. ಅವರು ಆ ಹೆಸರನ್ನು ವಂಶಾವಳಿಯಲ್ಲಿ ಬರೆದ ಮೇಲೆಯೇ ಉಳಿದ ನೆಂಟರಿಗೆ ತಿಳಿಸುವುದು. ಹೆಸರಿಟ್ಟಿಲ್ಲ, ಆದ್ದರಿಂದ ಕಾಗದವಿಲ್ಲ. ಕಾಗದವಿಲ್ಲ, ಆದ್ದರಿಂದ ವೆಸ್ನಾ ಎಂಬುವಳು ಧಾರವಾಡದ ಪಾಲಿಗೆ ಹುಟ್ಟಿಯೇ ಇರಲಿಲ್ಲ.

“ಸುಮ್ಮನೆ ವಾಟ್ಸಾಪಲ್ಲಿ ಫೋಟೋ ಹಾಕಿ ಮುಗಿಸಮ್ಮ,” ಎನ್ನುತ್ತಿದ್ದ ಸಂಪತ್.

“ಹಾಕು. ನಾಳೆ ನಿಮ್ಮ ದೊಡ್ಡಪ್ಪ, ವಸುಂಧರಾ ಹೇಳದೆ ಕೇಳದೆ ಮದುವೆ ಮಾಡಿದ್ಲು ಅಂತ ಊರಿಗೆಲ್ಲ ಸಾರಲಿ.”

“ಹೇಳ್ದೆ ಕೇಳ್ದೆ ತಾನೆ ಮಾಡಿದ್ದು?”

“ಅದಕ್ಕೇ ಹೇಳ್ತಿರೋದು. ಒಂದು ಹೆಸರಿಟ್ಟುಬಿಡೋಣ. ನನಗೂ ತವರಲ್ಲಿ ಗಂಗಾ ಅಂತಿತ್ತು. ಈ ಮನೆತನಕ್ಕೆ ಬಂದೆ, ವಸುಂಧರಾ ಆದೆ. ನನಗೇನು ಕೊಂಬು ಬಂತಾ?”

ಸಂಪತ್ ಲ್ಯಾಪ್‌ಟಾಪಿಗೆ ಮುಖ ಹಾಕಿದ. ಅವನ ಆಫೀಸು ಸಿಟಿವೆಸ್ಟ್‌ನಲ್ಲಿ. ಈಗ ಊಟದ ಮೇಜೇ ಆಫೀಸು. ಅವನಿಗೂ ತಲೆಬಿಸಿ ಇತ್ತು. ಅವನ ಕಂಪನಿ ಟೆಸ್ಟಿಂಗ್ ಕೆಲಸವನ್ನೆಲ್ಲ ಸ್ಕೋಪ್ಯೆಗೆ, ಅಂದರೆ ವೆಸ್ನಾಳ ದೇಶದ ರಾಜಧಾನಿಗೇ ಸಾಗಿಸುತ್ತಿತ್ತು. ಅಲ್ಲಿನ ಹುಡುಗರಿಗೆ ಇವನೇ ಪಾಠ ಹೇಳಬೇಕು. ಪಾಠ ಮುಗಿದ ದಿನ ಇವನ ಕೆಲಸ ಇರುತ್ತದೋ ಇಲ್ಲವೋ ಯಾರೂ ಹೇಳುತ್ತಿರಲಿಲ್ಲ. ವೆಸ್ನಾ ಆ ದೇಶ ಬಿಟ್ಟು ಇಲ್ಲಿಗೆ ಬಂದು ಆಸ್ಪತ್ರೆಯ ಸ್ಟೋರಿನಲ್ಲಿ ಕೈಗವಸು, ಗೌನು ಎಣಿಸಿ ವಾರ್ಡುಗಳಿಗೆ ಕಳಿಸುವ ಕೆಲಸ ಹಿಡಿದಿದ್ದಳು. ಇವನ ಕೆಲಸ ಈ ದೇಶ ಬಿಟ್ಟು ಅಲ್ಲಿಗೆ ಹೊರಟಿತ್ತು. ವಸುಂಧರಮ್ಮನಿಗೆ ಇದು ಎಷ್ಟು ಹೇಳಿದರೂ ಬಗೆಹರಿಯಲಿಲ್ಲ.

“ಆ ದೇಶ ಯುರೋಪಿನಲ್ಲಿದೆಯೋ ಇಲ್ಲವೋ?”

“ಯುರೋಪಲ್ಲಿದೆ. ಯೂನಿಯನ್ನಲ್ಲಿಲ್ಲ. ಸೇರ್ಬೇಕು ಅಂತ ಹದಿನೈದು ವರ್ಷದಿಂದ ಬಾಗಿಲಲ್ಲಿ ನಿಂತಿದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಇದ್ದ ಹಾಗೆ ಅಮ್ಮ. ಒಬ್ಬ ಓನರ್ ಬೇಡ ಅಂದ್ರೂ ಹೊಸಬ್ರಿಗೆ ಗೇಟ್ ತೆಗೆಯಲ್ಲ.”

“ಮತ್ತೆ ನಿನ್ನ ಕೆಲಸ ಹೇಗೆ ಗೇಟ್ ದಾಟಿ ಹೋಯ್ತು?”

“ಕೆಲಸಕ್ಕೆ ಗೇಟ್ ಇಲ್ಲಮ್ಮ. ಜನಕ್ಕೆ ಮಾತ್ರ.”

ವಾರ ಕಳೆದು ಒಂದು ಶುಕ್ರವಾರ, ವೆಸ್ನಾ ಡ್ಯೂಟಿಗೆ ಹೋದ ಮೇಲೆ, ವಸುಂಧರಮ್ಮ ಗಟ್ಟಿ ಮನಸ್ಸು ಮಾಡಿದರು. ಹಿತ್ತಾಳೆ ತಟ್ಟೆ ಇರಲಿಲ್ಲ; ಸ್ಟೀಲ್ ಹರಿವಾಣದಲ್ಲೇ ಸೋನಾಮಸೂರಿ ಅಕ್ಕಿ ಹರಡಿದರು. ತಮ್ಮ ಬೆರಳಿನ ಉಂಗುರ ತೆಗೆದು ಮಗನ ಮುಂದೆ ಹಿಡಿದರು.

“ಎರಡು ಕಾಲ್ ಮಧ್ಯೆ ಬಿಡುವಿದೆ ಅಂದೆಯಲ್ಲ. ಬರಿ. ವರದಾ.”

“ಅವಳಿಗೆ ಹೇಳಿದ್ದೀಯಾ?”

“ಬರೆದಿಟ್ಟ ಮೇಲೆ ಹೇಳ್ತೀನಿ. ನಾನೇನು ಬೇಕಾಬಿಟ್ಟಿ ಹೆಸರಿಟ್ಟಿದ್ದೀನಾ? ಮೊದಲಕ್ಷರ ಅವಳದ್ದೇ ಉಳಿಸಿದ್ದೀನಿ.”

ತಾಯಿಯ ಮುಖ ನೋಡಿ, ಗಡಿಯಾರ ನೋಡಿ, ಸಂಪತ್ ಉಂಗುರ ಹಿಡಿದು ಅಕ್ಕಿಯಲ್ಲಿ ಆ ಮೂರಕ್ಷರ ಗೀಚಿ ಮತ್ತೆ ಹೆಡ್‌ಫೋನ್ ಹಾಕಿಕೊಂಡ. ವಸುಂಧರಮ್ಮ ಹರಿವಾಣವನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು, ಸಂಜೆ ವೆಸ್ನಾ ಬಂದ ಮೇಲೆ ಅರಿಶಿನ ಕುಂಕುಮ ಹಚ್ಚಿ ತೋರಿಸೋಣವೆಂದು ಸ್ನಾನಕ್ಕೆ ಹೋದರು. ತಲೆಸ್ನಾನ, ಮೇಲೆ ಜಪ. ಕೆಳಗಿಳಿದು ಬರುವ ಹೊತ್ತಿಗೆ ಮನೆಯಲ್ಲಿ ಘಮಘಮ. ವೆಸ್ನಾ ಬೇಗ ಬಂದುಬಿಟ್ಟಿದ್ದಳು. ಓವನ್ನಿನ ತಟ್ಟೆಯಲ್ಲಿ ಹಸಿರು ದೊಣ್ಣೆಮೆಣಸಿನಕಾಯಿಗಳು ಸಾಲಾಗಿ ಕೂತಿದ್ದವು, ಹೊಟ್ಟೆ ತುಂಬ ಅನ್ನ, ಈರುಳ್ಳಿ, ಅಕ್ರೋಟು ಹೊತ್ತು.

ವಸುಂಧರಮ್ಮ ಕಟ್ಟೆ ನೋಡಿದರು. ಹರಿವಾಣ ತೊಳೆದು ಬೋರಲು ಹಾಕಿತ್ತು.

“ಇಲ್ಲಿದ್ದ ಅಕ್ಕಿ?”

“ನೀವು ಆರಿಸಿ ಇಟ್ಟಿದ್ರಿ, ಥ್ಯಾಂಕ್ಯೂ ಅತ್ತೆ,” ಎಂದಳು ವೆಸ್ನಾ ನಗುತ್ತ. “ನಾನು ತೊಳೆದೆ, ಒಳಗೆ ಹಾಕಿದೆ. ಮಾಂಸ ಇಲ್ಲ. ನಿಮಗೇ ಅಂತ.”

ಊಟಕ್ಕೆ ಕೂತಾಗ ಸಂಪತ್ತನಿಗೆ ಮೊದಲ ತುತ್ತಿಗೇ ಕೆಮ್ಮು ಬಂತು. ಇಂಚರಾ ಅಪ್ಪನನ್ನು, ಅಜ್ಜಿಯನ್ನು ನೋಡಿದಳು. “ಏನು? ವಾಟ್ ಹ್ಯಾಪನ್ಡ್? ಸತ್ಯ ಹೇಳಿ.” ಸಂಪತ್ ಹೇಳಿಬಿಟ್ಟ. ಇಂಚರಾ ಕುರ್ಚಿಯಿಂದ ಬೀಳುವಷ್ಟು ನಕ್ಕಳು. “ಓ ಮೈ ಗಾಡ್, ವೆಸ್ನಾ, ಯೂ ಕುಕ್ಡ್ ಯುವರ್ ಓನ್ ನೇಮ್! ವಿ ಆರ್ ಈಟಿಂಗ್ ಇಟ್!”

ವೆಸ್ನಾಗೆ ನಗು ಬರಲಿಲ್ಲ. “ಯಾರ ಹೆಸರು?”

“ನಿಂದಮ್ಮ,” ಎಂದರು ವಸುಂಧರಮ್ಮ. “ನಮ್ಮ ಮನೆಯಲ್ಲಿ ಹಾಗೆ. ಸೊಸೆ ಬಂದಾಗ ಹೊಸ ಹೆಸರು.”

“ನನಗೆ ಹೆಸರು ಇದೆ.”

“ಇರಲಿ. ಅದೂ ಇರಲಿ. ಇದು ಮನೆಗೆ, ಕಾಗದಕ್ಕೆ.”

“ನಮ್ಮಮ್ಮನಿಗೂ ಹೆಸರು ಬದಲಿಸಿದ್ರಿ ಅಲ್ವಾ ಅಜ್ಜಿ?” ಎಂದಳು ಇಂಚರಾ. “ಇಟ್ ಡಿಡ್ನ್ಟ್ ವರ್ಕ್, ಲೈಕ್. ಹೋಗೋವಾಗ ಹಳೇದೇ ತಗೊಂಡು ಹೋದ್ಲು.”

“ಏಯ್, ನಾಲಿಗೆ!” ಎಂದ ಸಂಪತ್.

ವೆಸ್ನಾ ಚಮಚ ಕೆಳಗಿಟ್ಟಳು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಸಿಕ್ಕಿಕೊಂಡ ಕಡೆ ಇಂಚರಾ ಎತ್ತಿಕೊಟ್ಟಳು. “ಅತ್ತೆ, ನನ್ನ ದೇಶಕ್ಕೂ ಹೀಗೇ ಹೇಳಿದ್ರು. ನಿನ್ನ ಹೆಸರು ನಮಗೆ ಆಗಲ್ಲ, ಬದಲಿಸು, ಆಮೇಲೆ ಬಾ ಅಂದ್ರು ಗ್ರೀಸ್‌ನವರು. ನಾವು ಬದಲಿಸಿದ್ವಿ. ಮ್ಯಾಸಿಡೋನಿಯಾ ಇದ್ದದ್ದು ನಾರ್ತ್ ಮ್ಯಾಸಿಡೋನಿಯಾ ಆಯ್ತು. ಬೋರ್ಡ್ ಬದಲಿಸಿದ್ವಿ, ಪೊಲೀಸರ ಕಾರಿನ ಮೇಲೆ ಬದಲಿಸಿದ್ವಿ. ನಾನು ಸರ್ಕಾರಿ ಕಚೇರಿಯಲ್ಲಿ ಯುರೋಪಿನ ಕಾನೂನನ್ನೆಲ್ಲ ನಮ್ಮ ಭಾಷೆಗೆ ಹಾಕ್ತಿದ್ದೆ. ಮೊಟ್ಟೆಗೆ ಕಾನೂನು, ಲಿಫ್ಟಿಗೆ ಕಾನೂನು, ಜಾಮಿಗೆ ಕಾನೂನು. ಒಳಗೆ ಬಿಡ್ತಾರೆ ಅಂತ. ಬಿಡಲಿಲ್ಲ. ಸಂಬಳ ಸಾಲಲಿಲ್ಲ. ಆಗ ನಾನು ಏನು ಮಾಡಿದೆ? ನನ್ನ ಮುತ್ತಜ್ಜ ಬಲ್ಗೇರಿಯಾದವನು ಅಂತ ಸಹಿ ಹಾಕಿ ಅಲ್ಲಿನ ಪಾಸ್‌ಪೋರ್ಟ್ ತಗೊಂಡೆ. ಅವರು ಯೂನಿಯನ್ ಒಳಗಿದ್ದಾರೆ, ಅದರಲ್ಲೇ ಇಲ್ಲಿ ಬಂದದ್ದು. ನಮ್ಮಪ್ಪ ಆವತ್ತಿಂದ ನನ್ನ ಜೊತೆ ಮಾತಾಡಲ್ಲ. ದೇಶದ ಹೆಸರು ಕೊಟ್ಟಾಯ್ತು. ಪಾಸ್‌ಪೋರ್ಟ್ ಕೊಟ್ಟಾಯ್ತು. ವೆಸ್ನಾ ಒಂದು ಉಳಿದಿದೆ. ಅದು ಕೊಡಲ್ಲ.”

ವಸುಂಧರಮ್ಮನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಒಂದು ದೇಶ ಹೊಸ ಸೊಸೆಯ ಹಾಗೆ ಹೆಸರು ಬದಲಿಸಿಕೊಂಡು ಹೊಸ್ತಿಲಲ್ಲಿ ನಿಲ್ಲುವುದುಂಟೆ? “ಊಟ ಮಾಡು, ಆರಿಹೋಗುತ್ತೆ,” ಎಂದಷ್ಟೇ ಹೇಳಿ, ಹೆಸರು ತುಂಬಿದ ಮೆಣಸಿನಕಾಯಿಯನ್ನು ತಾವೂ ತಿಂದರು. ರುಚಿಯಾಗಿಯೇ ಇತ್ತು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಭಾನುವಾರ ಧಾರವಾಡದಿಂದ ಪಾರ್ವತಿಯ ವಿಡಿಯೋ ಕಾಲ್ ಬಂತು. ಪಾರ್ವತಿ ಸತ್ಯನಾರಾಯಣರಾಯರ ಸೊಸೆ, ಕಣ್ಣು ಬಲು ಚುರುಕು.

“ಆರಾಮ್ ಅದೀರೇನ್ರಿ ಕಾಕು? ಮಾವನೋರು ದಿನಾ ಕೇಳ್ತಾರ್ರಿ, ವಸುಂಧರಾ ಕಾಗದ ಬರದಾಳೇನು ಅಂತ. ಅಲ್ರೀ, ಅಕಿ ಯಾರ್ರಿ ಹಿಂದ ಹಾದು ಹ್ವಾದಾಕಿ? ಬೆಳ್ಳಗ, ಕೂದಲಾ ಬಿಟ್ಟಾಕಿ?”

ಹಿಂದೆ ವೆಸ್ನಾ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದಳು.

“ಅಕೀನ? ಬಾಡಿಗಿಗೆ ಇರ್ತಾಳವಾ,” ಎಂದುಬಿಟ್ಟರು ವಸುಂಧರಮ್ಮ. “ಮ್ಯಾಲಿನ ಖೋಲ್ಯಾಗ.”

ಎಲ್ಲ ಬಿಟ್ಟು ಆ ಒಂದು ಮಾತು ವೆಸ್ನಾಗೆ ಚೆನ್ನಾಗಿ ಗೊತ್ತಿತ್ತು. ತಿಂಗಳ ಕೊನೆಗೆ ಸಂಪತ್ತನ ಬಾಯಲ್ಲಿ ಬಾಡಿಗೆ ಬಾಡಿಗೆ ಎಂಬುದೇ ಜಪ. ಅವಳು ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟು ಮಹಡಿ ಹತ್ತಿದಳು.

ಮರುದಿನ ಬೆಳಿಗ್ಗೆ ವಸುಂಧರಮ್ಮ ಒಗ್ಗರಣೆ ಹಾಕುತ್ತಿರುವಾಗ ತೆರೆದ ಬಾಗಿಲನ್ನೇ ಯಾರೋ ತಟ್ಟಿದರು.

“ಮೇ ಐ ಯೂಸ್ ದ ಸ್ಟವ್, ಪ್ಲೀಸ್?” ಎಂದಳು ವೆಸ್ನಾ.

“ಇದೇನೇ ಹೊಸ ನಾಟಕ? ಬಾ ಒಳಗೆ.”

“ಬಾಡಿಗೆಯವರು ಕೇಳಿ ಬರಬೇಕು.”

ಫ್ರಿಜ್ಜಿನಲ್ಲಿ ಕೆಳಗಿನ ಅಂಕಣಕ್ಕೆ ತನ್ನ ಹೆಸರಿನ ಚೀಟಿ ಅಂಟಿಸಿದಳು. ತನ್ನ ಬಟ್ಟೆ ಬೇರೆ ಒಗೆದಳು. ಸಂಜೆ ಎಲ್ಲರ ಊಟವಾದ ಮೇಲೆ ಇಳಿದು ಬಂದು ಬ್ರೆಡ್ಡಿಗೆ ಆಯ್ವಾರ್ ಸವರಿಕೊಂಡು ಮೇಲೆ ಹೋದಳು. ‘ಅತ್ತೆ’ ಹೋಗಿ ‘ಮಿಸೆಸ್ ವಸುಂಧರಾ’ ಬಂತು. ಇಂಚರಾ ಮೊದಲು ನಕ್ಕಳು, ಆಮೇಲೆ ಅವಳಿಗೂ ಭಯವಾಯಿತು.

“ಡ್ಯಾಡ್, ಅವಳ ಫ್ರೆಂಡ್ ಹತ್ರ ಬಾಯ್ನ್ ಹೊಳೆಯ ಆ ಕಡೆ ರೂಮ್ ಖಾಲಿ ಇದೆಯಂತೆ. ಕ್ರಿಸ್‌ಮಸ್ ಮುಂಚೆ ಹೋಗ್ತೀನಿ ಅಂದ್ಲು. ಶಿ ಮೀನ್ಸ್ ಇಟ್.”

ಸಂಪತ್ ತಾಯಿಯ ಮುಂದೆ ಬಂದು ನಿಂತ. “ಬಾಡಿಗೆಯವಳು ಅಂದ್ಯಲ್ಲಮ್ಮ, ಈ ಮನೆಯ ಬಾಡಿಗೆ ಅರ್ಧ ಅವಳ ಸಂಬಳದಲ್ಲೇ ಹೋಗ್ತಿದೆ. ನನ್ನ ಕೆಲಸ ಹೋದ್ರೆ ಪೂರ್ತಿ.”

“ನನಗೇನು ಗೊತ್ತಿತ್ತು ಅವಳಿಗೆ ಅರ್ಥ ಆಗುತ್ತೆ ಅಂತ?”

“ಅರ್ಥ ಆಗಲ್ಲ ಅಂದ್ರೆ ಹೇಳಬಹುದಾ?”

“ನೀನು ಮಾತ್ರ ಕೈಕಟ್ಟಿ ನೋಡು. ಅಕ್ಕಿಯಲ್ಲಿ ಬರೆದವನು ನೀನೇ.”

“ನೀನು ಬರಿ ಅಂದೆ.”

“ನಾನು ಬಾವಿಗೆ ಬೀಳು ಅಂದ್ರೆ ಬೀಳ್ತಿದ್ಯಾ?”

ತಾಯಿ ಮಗ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿದರು. ವಸುಂಧರಮ್ಮ ಆ ವಾರ ಎರಡು ಸಲ ಸಾರಿಗೆ ಉಪ್ಪು ಮರೆತರು. ಅವಳ ಬಳಿ ಹೋಗಿ ತಪ್ಪಾಯಿತು ಎನ್ನಬೇಕೋ, ಹಿರಿಯಳಾಗಿ ಹಾಗೆನ್ನಬಾರದೋ; ಹೆಸರಿಡದೆ ಕಾಗದ ಹಾಕಬಹುದೋ, ಹಾಕಿದರೆ ನಾಳೆ ಧಾರವಾಡದಲ್ಲಿ ತಲೆಯೆತ್ತಿ ನಡೆಯಬಹುದೋ. ಯಾವುದಕ್ಕೆ ಯಾವುದು ಮೊದಲು ಎಂಬುದೇ ಗೊತ್ತಾಗದೆ ನೂಲಿನ ಉಂಡೆ ಬೆಕ್ಕಿನ ಕಾಲಿಗೆ ಸಿಕ್ಕಂತಾಯಿತು.

ನವೆಂಬರ್ ನಡುವಿನ ಒಂದು ಮಧ್ಯಾಹ್ನ ವೆಸ್ನಾ ಡ್ಯೂಟಿಯಿಂದ ಬಂದವಳು ಕೋಟು ಕಳಚದೆ, ಬಾಗಿಲನ್ನೂ ತಟ್ಟದೆ, ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಮಾಸ್ಕು ಗಲ್ಲದಲ್ಲಿ ತೂಗುತ್ತಿತ್ತು. ಫೋನು ಕೈಯಲ್ಲಿತ್ತು. ವಸುಂಧರಮ್ಮ ಕೊತ್ತಂಬರಿ ಬಿಡಿಸುತ್ತಿದ್ದವರು ಎದ್ದು ಚಹಾಕ್ಕೆ ನೀರಿಟ್ಟರು.

“ಯಾರಿಗಾದ್ರೂ ಹುಷಾರಿಲ್ವಾ? ನಿಮ್ಮಮ್ಮ ಚೆನ್ನಾಗಿದ್ದಾರಾ?”

“ಅಮ್ಮ ಚೆನ್ನಾಗಿದ್ದಾರೆ. ನನ್ನ ದೇಶ...” ಫೋನನ್ನು ಮೇಜಿನ ಮೇಲೆ ಬೋರಲಿಟ್ಟಳು. “ಮತ್ತೆ ಬಾಗಿಲು ಹಾಕಿದ್ರು. ಈ ಸಲ ಬಲ್ಗೇರಿಯಾ. ನನ್ನ ಪಾಸ್‌ಪೋರ್ಟಿನ ದೇಶ.”

“ಹೆಸರು ಬದಲಿಸಿದ್ದು ಸಾಲಲಿಲ್ವಾ?”

“ಆ ಹೆಸರು ಗ್ರೀಸ್‌ಗೆ. ಇವರಿಗೆ ಬೇರೆ ಬೇಕು. ನಿಮ್ಮ ಭಾಷೆ ಬೇರೆ ಭಾಷೆ ಅಲ್ಲ, ನಮ್ಮದೇ ಅಂತ ಒಪ್ಪಿಕೊಳ್ಳಿ ಅಂತಾರೆ. ನಿಮ್ಮ ಹಳೇ ಕಥೆಯೂ ನಮ್ಮದೇ ಅನ್ನಿ ಅಂತಾರೆ.”

ವಸುಂಧರಮ್ಮ ಚಹಾ ಸೋಸುವುದನ್ನು ನಿಲ್ಲಿಸಿ ಅಂದರು, “ಕೊಟ್ಟಷ್ಟೂ ಕೇಳ್ತಾರೆ ಅನ್ನು.”

“ಹ್ಞೂಂ.”

“ನಮ್ಮತ್ತೆ ಹೀಗೇ. ಮೊದಲು ಗಂಗಾ ತಗೊಂಡ್ರು. ಆಮೇಲೆ ತವರಿನ ಸಾರು ಮಾಡಬೇಡ ಅಂದ್ರು. ಆಮೇಲೆ ಕನ್ನಡ ಶಾಲೆಯ ಹಾಡು ಗುನುಗಬೇಡ ಅಂದ್ರು. ನಮ್ಮಮ್ಮ ಬಂದಾಗ ಬಾಗಿಲಲ್ಲಿ ‘ಗಂಗಾ’ ಅಂತ ಕೂಗಿದ್ಲು. ‘ಆ ಹೆಸರಿನಾಕಿ ಇಲ್ಲ್ಯಾರೂ ಇಲ್ಲ’ ಅಂದ್ರು ಅತ್ತೆ. ನಾನು ಒಳಗೇ ಇದ್ದೆ.”

“ನೀವು ಏನಂದ್ರಿ?”

“ಏನನ್ನೋದು? ರೊಟ್ಟಿ ತಟ್ಟುತ್ತಿದ್ದೆ. ತಟ್ಟಿದೆ.”

ವೆಸ್ನಾ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೊನೆಗೆ ಅಂದಳು: “ಅತ್ತೆ, ಬರೀರಿ. ವರದಾ ಬರೀರಿ. ನನಗೆ ಸಾಕಾಯ್ತು. ಏನು ಬೇಕೋ ಬರೀರಿ, ಲೆಟರ್ ಕಳಿಸಿ. ಜಗಳ ಬೇಡ.”

ಇಷ್ಟು ತಿಂಗಳು ಕಾದದ್ದು ಈ ಮಾತಿಗೇ. ಆದರೆ ಮಾತು ಕೈಗೆ ಬಂದಾಗ ವಸುಂಧರಮ್ಮನಿಗೆ ಅದನ್ನು ಎಲ್ಲಿಡುವುದೋ ತಿಳಿಯಲಿಲ್ಲ. ಸೊಸೆ ಜಗಳವಾಡುತ್ತಿದ್ದಾಗ ಎದುರಿಗೆ ಒಬ್ಬಳು ಕೂತಿದ್ದಳು. ಈಗ ಕುರ್ಚಿಯಲ್ಲಿ ಕೋಟು ಮಾತ್ರ ಕೂತ ಹಾಗಿತ್ತು. “ಕುಡಿ, ಆರುತ್ತೆ,” ಎಂದರು.

ಮುಂದಿನ ದಿನಗಳಲ್ಲಿ ಊಟದ ಮೇಜಿನ ಒಂದು ತುದಿಯಲ್ಲಿ ಸಂಪತ್ ಸ್ಕೋಪ್ಯೆಯ ಹುಡುಗರಿಗೆ ಪಾಠ ಹೇಳುವುದು, ಇನ್ನೊಂದು ತುದಿಯಲ್ಲಿ ವಸುಂಧರಮ್ಮ ಇಂಚರಾಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ಬರೆಯುವುದು ನಡೆಯಿತು. ‘ಸೊಸೆಗೆ ವರದಾ ಎಂದು’ ಎಂಬಲ್ಲಿಗೆ ಬಂದು ಹಾಳೆ ಮಡಿಸಿ ಕಸಕ್ಕೆ ಹಾಕುವರು. ಇನ್ನೊಂದು ಹಾಳೆ.

“ಅಜ್ಜಿ, ನನ್ನ ಜಾಗ್ರಫಿ ಕಾಪಿ ಪೂರ್ತಿ ಖಾಲಿ ಮಾಡ್ತೀರಾ?”

“ನಿನ್ನ ಜಾಗ್ರಫಿಯಿಂದಲೇ ಇಷ್ಟೆಲ್ಲ ರಾಮಾಯಣ. ಇನ್ನೊಂದು ಕೊಡು.”

ಡಿಸೆಂಬರ್ ಮೊದಲ ವಾರದಲ್ಲಿ ಅಂಗಡಿಗಳು ತೆರೆದವು. ಶನಿವಾರ ಬೆಳಿಗ್ಗೆ ದೋಸೆಯ ಹೊತ್ತಿಗೆ ವಸುಂಧರಮ್ಮ ಮಹಡಿಯ ಕೆಳಗೆ ನಿಂತು ಕೂಗಿದರು. “ವೆಸ್ನಾ, ಇಳಿದು ಬಾ. ಬಾಗಿಲು ಗೀಗಿಲು ತಟ್ಟಬೇಡ. ಎಲ್ಲರೂ ಕೂತ್ಕೊಳ್ಳಿ. ಓದ್ತೀನಿ.”

ಕನ್ನಡಕ ಏರಿಸಿ, ನಿಧಾನವಾಗಿ, ಶಾಲೆಯ ಮಕ್ಕಳಂತೆ ಅಕ್ಷರ ಬಿಡಿಸಿ ಓದಿದರು:

“ತೀರ್ಥಸ್ವರೂಪ ಭಾವನವರಿಗೆ ವಸುಂಧರಾ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಸಂಪತ್ತನ ಮದುವೆ ಹೋದ ಫೆಬ್ರವರಿಯಲ್ಲಿ ಆಯಿತು. ತಿಳಿಸಲು ತಡವಾದದ್ದು ನನ್ನಿಂದ. ಸೊಸೆಯ ಹೆಸರು ವೆಸ್ನಾ. ಇದು ಅವಳ ತಂದೆತಾಯಿ ಇಟ್ಟ ಹೆಸರು. ನಾವು ಬೇರೆ ಹೆಸರು ಇಟ್ಟಿಲ್ಲ, ಇಡುವುದೂ ಇಲ್ಲ. ವಂಶಾವಳಿಯಲ್ಲಿ ಹೀಗೆಯೇ ಬರೆಸಬೇಕಾಗಿ ವಿನಂತಿ. ಪಾರ್ವತಿ ವಿಡಿಯೋದಲ್ಲಿ ನೋಡಿದ ಹುಡುಗಿ ಬಾಡಿಗೆಯವಳಲ್ಲ. ಅವಳೇ ಇವಳು.”

ವೆಸ್ನಾ ಇಂಚರಾಳ ಕಡೆ ನೋಡಿದಳು. ಇಂಚರಾ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಕೊನೆಯ ಎರಡು ವಾಕ್ಯಕ್ಕೆ ಬಂದಾಗ ವೆಸ್ನಾ ಕೈ ತೋರಿಸಿ ತಡೆದಳು. “ಅದು ಅರ್ಥ ಆಯ್ತು.”

“ದೊಡ್ಡಪ್ಪ ಬರೆಸಲ್ಲಮ್ಮ,” ಎಂದ ಸಂಪತ್. “ಸಿಟ್ಟಾಗ್ತಾರೆ. ನಿನ್ನನ್ನೇ ಮನೆಗೆ ಸೇರಿಸಲ್ಲ ಅಂದ್ರೆ?”

“ಅನ್ನಬಹುದು,” ಎಂದರು ವಸುಂಧರಮ್ಮ. “ನನಗೂ ಗೊತ್ತಿಲ್ಲ. ದೋಸೆ ತಣ್ಣಗಾಯ್ತು, ಇನ್ನೊಂದು ಹಾಕ್ಲಾ?”

“ವರದಾ ಬರೀರಿ ಅಂದಿದ್ದೆ,” ಎಂದಳು ವೆಸ್ನಾ.

“ಅಂದಿದ್ದೆ. ಮನಸ್ಸಿಂದ ಅಂದಿದ್ಯಾ?”

ವೆಸ್ನಾ ತಟ್ಟೆ ಸರಿಸಿದಳು. ಎದ್ದು ಕಾವಲಿಯ ಬಳಿಗೆ ಹೋಗಿ, “ನೀವು ಕೂತ್ಕೊಳ್ಳಿ. ಇದು ನಾನು ಹಾಕ್ತೀನಿ,” ಎಂದಳು. ಹಾಕಿದ ದೋಸೆ ಹರಿದು ಮೂರಾಯಿತು. ಎಲ್ಲರೂ ಹಂಚಿಕೊಂಡು ತಿಂದರು.

ಪೋಸ್ಟಾಫೀಸಿನ ಮುಂದೆ ಜನ ಅಂತರ ಬಿಟ್ಟು ಫುಟ್‌ಪಾತಿನ ಉದ್ದಕ್ಕೂ ನಿಂತಿದ್ದರು. ಹೊಳೆಯ ಕಡೆಯಿಂದ ಗಾಳಿ ಕೊರೆಯುತ್ತಿತ್ತು. ವಸುಂಧರಮ್ಮ ಸೀರೆಯ ಮೇಲೆ ಸಂಪತ್ತನ ಜಾಕೆಟ್ಟು ತೊಟ್ಟು, ವೆಸ್ನಾಳ ತೋಳು ಹಿಡಿದು ನಿಂತರು. ಇಂಚರಾ ಒಳಗೆ ಹೋಗಿ ಸ್ಟಾಂಪು ತಂದಳು.

“ಇಂಡಿಯಾಗೆ ಎಷ್ಟು ದಿನ ಅಂತ ಕೇಳಿದೆ. ಹೇಳೋಕಾಗಲ್ಲ ಅಂದ್ರು, ಫ್ಲೈಟ್ಸ್ ಎಲ್ಲ ಮೆಸ್ ಅಂತೆ. ಬಟ್ ಇಟ್ಸ್ ಗ್ರ್ಯಾಂಡ್, ಹೋಗುತ್ತೆ ಅಂದ್ರು.”

“ಕಳೆದುಹೋದ್ರೆ?”

“ಇನ್ನೊಂದು ಬರೀಬಹುದು ಅಜ್ಜಿ.”

“ಇನ್ನೊಂದು ಬರೆಯೋ ಧೈರ್ಯ ಯಾರಿಗಿದೆ?”

ಹಸಿರು ಅಂಚೆ ಡಬ್ಬಿಯ ಬಾಯಿಗೆ ಲಕೋಟೆ ಇಟ್ಟು ಅವರು ನಿಂತರು. ಹಿಂದೆ ನಿಂತಿದ್ದ ಮುದುಕನೊಬ್ಬ ಕೆಮ್ಮಿದ. ಎಲ್ಲರೂ ಅವನತ್ತ ತಿರುಗಿ ನೋಡಿದರು, ಅವನು ನಾಚಿ ಮಾಸ್ಕ್ ಏರಿಸಿಕೊಂಡ.

“ಮೊಣಕಾಲು ನೋವಿನ ವಿಷಯ ಬರೆಯಲೇ ಇಲ್ಲ,” ಎಂದರು ವಸುಂಧರಮ್ಮ. “ಅವರಿಗೂ ಇದೆ. ಕೇಳಬೇಕಿತ್ತು. ಮನೆಗೆ ಹೋಗಿ ಒಂದು ಸಾಲು ಸೇರಿಸಿ ನಾಳೆ...”

“ಅತ್ತೆ,” ಎಂದಳು ವೆಸ್ನಾ. “ನಾಳೆ ಭಾನುವಾರ.”

ವಸುಂಧರಮ್ಮ ಲಕೋಟೆಯನ್ನು ಒಳಗೆ ಬಿಟ್ಟರು. ಬಿದ್ದ ಸದ್ದು ಕೇಳಿಸಲಿಲ್ಲ. ಸಿಕ್ಕಿಕೊಂಡಿತೇನೋ ಎಂದು ಡಬ್ಬಿಯ ಬಾಯೊಳಗೆ ನಾಲ್ಕೂ ಬೆರಳು ತೂರಿಸಿ ತಡಕಾಡಿದರು. ತಣ್ಣನೆಯ ಕಬ್ಬಿಣ ಬಿಟ್ಟರೆ ಒಳಗೆ ಏನೂ ತಗಲಲಿಲ್ಲ.